ನರಿಕೊಂಬಿನಿಂದ ಎತ್ತಿಕೊಂಡು ಹೋದ ಮಗು

ಇದನ್ನು ಬರೆಯುವುದನ್ನು ನಾನು ಬಹಳ ವರ್ಷ ಮುಂದೂಡಿದೆ. ಬೊಂಬಾಯಿಯ ಬಗ್ಗೆ ಬರೆದು ಕಳುಹಿಸಿ ಎಂದು ಊರಿನವರು ಕೇಳಿದಾಗಲೆಲ್ಲ ಟ್ರಾಮಿನ ಬಗ್ಗೆ, ನೀರಿನ ನಳದ ಮುಂದಿನ ಜಗಳದ ಬಗ್ಗೆ ಬರೆದು ಸುಮ್ಮನಾದೆ. ಇನ್ನು ಮುಂದೂಡುವ ವಯಸ್ಸಲ್ಲ.

ಐವತ್ತರ ದಶಕದ ಕೊನೆಯಲ್ಲಿ ನಾನು ಪರೇಲಿನ ಒಂದು ಚಾಳಿಗೆ ಬಂದು ಸೇರಿದೆ. ಉದ್ದಕ್ಕೆ ಸಾಲು ಕೋಣೆಗಳು, ಒಂದೊಂದರಲ್ಲಿ ಒಂದು ಸಂಸಾರ. ಆ ಕೋಣೆಗೆ ಅಲ್ಲಿ ಖೋಲಿ ಎನ್ನುತ್ತಾರೆ. ನಮ್ಮ ಖೋಲಿಯಲ್ಲಿ ಊರಿನ ಕಡೆಯ ಹೋಟೆಲ್ ಕೆಲಸದವರು ಸರದಿಯಲ್ಲಿ ಮಲಗುತ್ತಿದ್ದೆವು. ನಾನು ಬಂದ ವಾರದಲ್ಲೇ ಕೊನೆಯ ಖೋಲಿಯ ಗಿರಣಿ ಕೆಲಸಗಾರನೊಬ್ಬ ತೀರಿಕೊಂಡ. ಹೆಂಡತಿ ಮೊದಲೇ ಇರಲಿಲ್ಲ. ಹೆಣ ಎತ್ತಿದ ಮೇಲೆ ಪಕ್ಕದ ಶೇವಂತಾಬಾಯಿ ಬಂದು, ಅವನ ಪುಟ್ಟ ಮಗಳ ಕೈ ಹಿಡಿದು ತನ್ನ ಖೋಲಿಗೆ ಕರೆದುಕೊಂಡು ಹೋಗಿ ಜೋಳದ ಭಾಕರಿ ಹಾಕಿದಳು. ಅಷ್ಟೇ. ಜಾತಿ ನೋಡುವುದು ಅಲ್ಲಿಯೂ ಇತ್ತು, ಬೇರೆಯವರ ಕೊಡ ಮುಟ್ಟಿದರೆ ಬೈಗುಳವೂ ಇತ್ತು. ಆದರೆ ಆ ಮಗುವಿನ ಮೇಲೆ ಯಾರಿಗೆ ಹಕ್ಕು ಎಂದು ಅಲ್ಲಿ ನಿಂತವರಲ್ಲಿ ಒಬ್ಬರೂ ಕೇಳಲಿಲ್ಲ.

ನಾನು ಊರಿನಲ್ಲಿ ಮಾಡಿ ಬಂದದ್ದು ಇದಕ್ಕೆ ತೀರಾ ವಿರುದ್ಧವಾದದ್ದು.

ನಮ್ಮದು ಮುಂಡಾಜೆ ಕಡೆಯ ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಅವರ ಮೇಲಿನ ಯಜಮಾನಿಕೆ ಸೋದರಮಾವನದು, ತಂದೆಯದಲ್ಲ. ನನ್ನ ಅಕ್ಕನನ್ನು ಬಂಟ್ವಾಳದ ಹತ್ತಿರದ ನರಿಕೊಂಬಿಗೆ ಕೊಟ್ಟಿತ್ತು. ಭಾವ ಜ್ವರದಲ್ಲಿ ಹೋದರು. ವರ್ಷ ತುಂಬುವ ಮೊದಲು ಅಕ್ಕನೂ ಹೋದಳು. ಉಳಿದವಳು ನಾಲ್ಕು ವರ್ಷದ ಲೀಲಾ. ಭಾವನ ಅಕ್ಕ, ಮಕ್ಕಳಿಲ್ಲದ ವಿಧವೆ, ಅವಳನ್ನು ಸೊಂಟದಿಂದ ಇಳಿಸದೆ ಸಾಕುತ್ತಿದ್ದರು. ಲೀಲಾ ಅವರನ್ನು ಮಾಮಿ ಎಂದು ಕರೆಯುತ್ತಿದ್ದಳು. ತುಳುವಿನಲ್ಲಿ ಸೋದರತ್ತೆಗೆ ಹಾಗೆ ಹೇಳುವುದು.

ನಮ್ಮ ಮನೆಯಲ್ಲಿ ಆಗ ಉಳಿದಿದ್ದವನು ನಾನೊಬ್ಬನೇ. ಬೊಂಬಾಯಿಯ ಕೆಲಸ ಗೊತ್ತಾಗಿತ್ತು. ಮಗುವನ್ನು ಇದ್ದಲ್ಲೇ ಬಿಟ್ಟಿದ್ದರೆ ಸಾಕಿತ್ತು. ಆದರೆ ಸಂತಾನ ಮುಂದುವರಿಸಬೇಕಾದ ಹೆಣ್ಣು ಮಗು ತಂದೆಯ ಮನೆಯ ಅನ್ನಕ್ಕೆ ಕೈಯೊಡ್ಡುವುದು ನನಗೆ ಅವಮಾನವಾಗಿ ಕಂಡಿತು. ಒಂದು ಮದುವೆಯ ಊಟದಲ್ಲಿ ನೆಂಟರೊಬ್ಬರು, "ಮಾವ ಇದ್ದೂ ಮಗು ನರಿಕೊಂಬಿನಲ್ಲಿ ಉಂಟಂತೆ. ಮುಂಡಾಜೆಯಲ್ಲಿ ಅಕ್ಕಿ ಮುಗಿಯಿತೋ ಏನೋ ಮಾರಾಯ" ಎಂದು ನಗಾಡಿದ್ದರು. ಆ ನಗೆ ನನ್ನ ಕಿವಿಯಿಂದ ಹೋಗಲಿಲ್ಲ.

ನರಿಕೊಂಬಿನ ಚಾವಡಿಯಲ್ಲಿ ಮಾಮಿ ನಿಂತೇ ಮಾತಾಡಿದರು.

"ಮಗು ನಿಮ್ಮದೇ. ನಾನು ಅಲ್ಲ ಅಂತ ಹೇಳುವುದಿಲ್ಲ. ಸಾಕುವುದು ಮಾತ್ರ ನಾನು ಸಾಕ್ತೇನೆ. ನಿಮಗೆ ಮದುವೆ ಆಗಿ ಒಂದು ಮನೆ ಅಂತ ಆಗಲಿ, ಆಮೇಲೆ ಕರ್ಕೊಂಡು ಹೋಗಿ."

"ಜನ ಎಂಥ ಹೇಳ್ತಾರೆ ಗೊತ್ತುಂಟಾ ನಿಮಗೆ?"

"ಜನ ಬಂದು ಅದರ ತಲೆ ಬಾಚ್ತಾರಾ?"

ನಾನು ಮಗುವನ್ನು ಎತ್ತಿಕೊಂಡು ಹೋಗಿ ಬಸ್ಸು ಹತ್ತಿದೆ. ಮೂಡಬಿದ್ರೆಯ ಕಡೆ ಆಗ ಒಂದು ಅನಾಥಾಲಯವಿತ್ತು. ಅಲ್ಲಿಯದು ಧರ್ಮದ ಅನ್ನ, ಅದಕ್ಕೆ ಯಾವ ಮನೆಯ ಹಂಗೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಗುವನ್ನು ನೋಡಲು ಯಾರ್ಯಾರು ಬರುತ್ತಾರೆ ಎಂದು ಮೇಲ್ವಿಚಾರಕಿ ಕೇಳಿದರು. ನಾನು ಮಾತ್ರ ಎಂದೆ. ತಂದೆಯ ಕಡೆಯವರು ಬಂದರೆ ಒಳಗೆ ಬಿಡಬಾರದು ಎಂದೆ. ಅವರು ನನ್ನ ಮುಖ ನೋಡಿ ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಹೇಳಿದೆ.

ಬೊಂಬಾಯಿಯಲ್ಲಿ ನಾನು ನಿಧಾನವಾಗಿ ಪಳಗಿದೆ. ಕುಚ್ಚಲಕ್ಕಿಯ ಗಂಜಿ ಇಲ್ಲದೆ ಹೊಟ್ಟೆ ತುಂಬುವುದನ್ನು ಕಲಿತೆ. ಮರಾಠಿಯಲ್ಲಿ ಚೌಕಾಶಿ ಮಾಡಿ ಮೀನು ಕೊಂಡ ದಿನ ಗೆದ್ದವನ ಹಾಗೆ ನಡೆದು ಬಂದೆ. ಆ ಭಾಷೆಯನ್ನು ನನಗೆ ಹೆಚ್ಚು ಕಲಿಸಿದವಳು ಶೇವಂತಾಬಾಯಿಯ ಮಡಿಲು ಸೇರಿದ ಆ ಮಗುವೇ. ಮೊದಮೊದಲು ಯಾರಾದರೂ ಮುಟ್ಟಿದರೆ ಕಚ್ಚುತ್ತಿದ್ದಳು. ಮಳೆಗಾಲ ಕಳೆಯುವುದರೊಳಗೆ, ಮೀನಿನ ದೊಡ್ಡ ತುಂಡು ತನಗೇ ಬೇಕೆಂದು ಶೇವಂತಾಬಾಯಿಯ ಗಂಡನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಅದನ್ನು ನೋಡುತ್ತ ನಾನು, ಲೀಲಾಳಿಗೂ ಊಟ, ಬಟ್ಟೆ, ಶಾಲೆ ಎಲ್ಲ ಉಂಟಲ್ಲ ಎಂದುಕೊಳ್ಳುತ್ತಿದ್ದೆ. ಜಗಳಕ್ಕೆ ಅವಳಿಗೆ ಯಾರಿದ್ದಾರೆ ಎಂದು ಯೋಚಿಸಲು ಧೈರ್ಯವಿರಲಿಲ್ಲ.

ರಜೆ ಸಿಕ್ಕಿ ಊರಿಗೆ ಹೋದಾಗ ಅವಳಿಗೆ ಎಂಟು ವರ್ಷ. ಅನಾಥಾಲಯದವರು ಕೆಟ್ಟವರಲ್ಲ. ಅಂಗಳ ಶುಭ್ರವಾಗಿತ್ತು, ಮಕ್ಕಳು ಹೊಟ್ಟೆ ತುಂಬ ಉಂಡವರ ಹಾಗೇ ಇದ್ದರು. ಲೀಲಾ ಬಂದು ಕೈಮುಗಿದು ನಿಂತಳು. ಹೇಗಿದ್ದಿ ಎಂದು ತುಳುವಿನಲ್ಲಿ ಕೇಳಿದೆ. ಅವಳು ಮೇಲ್ವಿಚಾರಕಿಯ ಮುಖ ನೋಡಿ, ಪಾಠ ಒಪ್ಪಿಸುವ ಕನ್ನಡದಲ್ಲಿ, "ನಾನು ಚೆನ್ನಾಗಿದ್ದೇನೆ. ತಾವು ಯಾರು?" ಎಂದಳು.

ಅವತ್ತೇ ಅವಳನ್ನು ನರಿಕೊಂಬಿಗೆ ಕರೆದುಕೊಂಡು ಹೋದೆ. ಮಾಮಿ ಏನೂ ಕೇಳದೆ ಅನ್ನ ಬಡಿಸಿದರು. ಲೀಲಾ ತಟ್ಟೆಯ ಪಕ್ಕ ನಿಂತೇ ಇದ್ದಳು. ಕುಳಿತುಕೋ ಎಂದರೂ ಕೂರಲಿಲ್ಲ.

"ಇನ್ನೂ ಗಂಟೆ ಹೊಡೆಯಲಿಲ್ಲ" ಎಂದಳು.

ಮಾಮಿ ಒಳಗಿನಿಂದ ಒಂದು ಕಂಚಿನ ಬಟ್ಟಲು ತಂದು ಸೌಟಿನಿಂದ ಬಡಿದರು. ಮಗು ಕುಳಿತು ಊಟಕ್ಕೆ ಕೈ ಹಾಕಿತು.

ನನ್ನ ಕಡೆ ತಿರುಗದೆಯೇ ಮಾಮಿ ಹೇಳಿದರು: "ಎರಡು ಸಲ ಹೋಗಿದ್ದೆ ನಾನು, ಅರಿಶಿನ ಎಲೆಯಲ್ಲಿ ಸಿಹಿ ಗಟ್ಟಿ ಬೇಯಿಸಿ ಕಟ್ಟಿಕೊಂಡು. ಗೇಟಿನಿಂದ ಒಳಗೆ ಬಿಡಲಿಲ್ಲ. ನನ್ನಲ್ಲಿ ಎಂಥ ತಪ್ಪು ಕಂಡಿತೋ ಅವರಿಗೆ."

"ಅಲ್ಲಿಯ ಕಾನೂನೇ ಹಾಗೆ" ಎಂದೆ ನಾನು.

"ಹೌದಾ? ಹಾಗಾದರೆ ಎಲ್ಲರಿಗೂ ಹಾಗೆಯಾ?" ಎಂದರು. ಅವರ ಮುಖದಲ್ಲಿ ಸಮಾಧಾನ ಕಂಡಿತು. ಇಷ್ಟು ವರ್ಷದ ಭಾರ ಇಳಿಸಿದ ಹಾಗೆ ಅವರು ಮಗುವಿಗೆ ಮತ್ತಷ್ಟು ಸಾರು ಬಡಿಸಿದರು.

ಲೀಲಾಳನ್ನು ಅಲ್ಲೇ ಬಿಟ್ಟು ಬಂದೆ. ಅವಳು ಬಚ್ಚಲಿಗೆ ಹೋಗಲೂ ಅಪ್ಪಣೆ ಕೇಳುತ್ತಿದ್ದಳಂತೆ. ನೆರೆಮನೆಯವರು ನಗುತ್ತಿದ್ದರೂ ಮಾಮಿ ಬಹಳ ಕಾಲ ಊಟಕ್ಕೆ ಮೊದಲು ಆ ಬಟ್ಟಲು ಬಡಿದರಂತೆ. ಅವರು ತೀರಿಕೊಂಡ ತಂತಿ ನನಗೆ ಬೊಂಬಾಯಿಯಲ್ಲಿ ತಲುಪುವಾಗ ಎಲ್ಲ ಮುಗಿದಿತ್ತು.

ಇಲ್ಲಿ ಬೊಂಬಾಯಿಯಲ್ಲಿ ನಾನು ಇಂದಿಗೂ ಮದ್ರಾಸಿ. ಬಂಟ್ವಾಳದಲ್ಲಿ ಬಸ್ಸಿಳಿದರೆ ಬೊಂಬಾಯಿಯವರು ಬಂದರು ಎನ್ನುತ್ತಾರೆ. ಮೊದಲು ಅದು ಬೇಸರ ತರುತ್ತಿತ್ತು. ಈಗ, ಎಲ್ಲಿಯವನೂ ಅಲ್ಲದೆ ಇರುವುದೇ ನನಗೆ ತಕ್ಕದ್ದು ಎನಿಸುತ್ತದೆ. ನರಿಕೊಂಬಿನ ಆ ಮನೆಗೆ ಹೋದರೆ ಲೀಲಾ ನನಗೆ ಚಹಾ ಕೊಟ್ಟು, "ಪಾಪ, ಮಾಮಿಯನ್ನು ಗೇಟಿನಲ್ಲೇ ನಿಲ್ಲಿಸಿದರಂತೆ ಆ ಜನ" ಎಂದು ತನ್ನ ಮಕ್ಕಳಿಗೆ ಹೇಳುತ್ತಾಳೆ. ನಾನು ಚಹಾ ಕುಡಿಯುತ್ತೇನೆ.

ಆ ಜನ ಅಲ್ಲ, ಲೀಲಾ. ನಾನು. ನಾನು ಕ್ಷಮೆ ಕೇಳಬೇಕಾಗಿದ್ದ ನಿನ್ನ ಮಾಮಿಯ ಹೆಸರು ಕಲ್ಯಾಣಿ.