ಅಕ್ಕ ಕೇಳಿದ ಔಷಧಿ

ನಾನು ದುಂಡಸಿಯ ಆ ಮನೆಗೆ ಕಿರಿಯ ಸೊಸೆಯಾಗಿ ಕಾಲಿಟ್ಟಾಗ ಹಿರಿಯ ಸೊಸೆಗೆ ಮದುವೆಯಾಗಿ ಆರೇಳು ವರ್ಷ ಕಳೆದಿತ್ತು. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಅಕ್ಕ ಬಾಯ್ತುಂಬ ನಗುತ್ತಿದ್ದಳು. ಸೊಸೆಯಾದವಳು ಹಾಗೆ ನಗಬಾರದೆಂದು ಅತ್ತೆ ಗದರಿಸಿದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಮತ್ತೂ ನಗುತ್ತಿದ್ದಳು. ರೊಟ್ಟಿ ತೆಳ್ಳಗೆ ಬಡಿಯುವುದನ್ನೂ ಅತ್ತೆಯ ಸಿಟ್ಟು ಯಾವ ಹೊತ್ತಿಗೆ ಇಳಿಯುತ್ತದೆಂಬುದನ್ನೂ ನನಗೆ ಕಲಿಸಿದವಳು ಅವಳೇ.

ಅವಳಿಗೆ ಮಕ್ಕಳಿರಲಿಲ್ಲ. ನನಗೆ ಮದುವೆಯಾದ ವರ್ಷವೇ ಬಸಿರು ನಿಂತಿತು.

ಏಳನೆಯ ತಿಂಗಳಲ್ಲಿ ಕುಬಸ ಮಾಡಿದರು. ಅಡುಗೆಯೆಲ್ಲ ಅಕ್ಕನದೇ. ಹೆಂಗಸರು ಒಬ್ಬೊಬ್ಬರಾಗಿ ಬಂದು ನನಗೆ ಹಸಿರು ಬಳೆ ತೊಡಿಸಿ ಉಡಿ ತುಂಬುತ್ತಿದ್ದರು. ಅಕ್ಕನೂ ಕೈ ತೊಳೆದುಕೊಂಡು, ತಾನು ತೆಗೆದಿಟ್ಟಿದ್ದ ಬಳೆಗಳನ್ನು ಹಿಡಿದು ಬಂದಳು. ಅತ್ತೆ ನಡುವೆ ಬಂದು, "ನೀ ಒಲಿ ಮುಂದ ಹೋಗವಾ, ಹಾಲ ಉಕ್ಕತಾವು" ಎಂದರು. ಒಲೆಯ ಮೇಲೆ ಹಾಲಿರಲಿಲ್ಲ. ಅಕ್ಕನಿಗೂ ಅದು ಗೊತ್ತಿತ್ತು. "ಹೌದ್ರಿ ಅತ್ತಿ" ಎಂದು ಒಳಗೆ ಹೋದಳು. ಆ ಬಳೆಗಳನ್ನು ಮರುದಿನ ಹಿತ್ತಲಲ್ಲಿ ನಾನೇ ಕೇಳಿ ತೊಡಿಸಿಕೊಂಡೆ.

ನನ್ನ ಮಗ ಹುಟ್ಟಿದ ಮೇಲೆ ಅವನಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದವಳು ಅಕ್ಕ. ಹೊರಗಿನವರು ಬಂದರೆ ಮಾತ್ರ ಅತ್ತೆ ಕೂಸನ್ನು ಅವಳ ತೊಡೆಯಿಂದ ಎತ್ತಿಕೊಂಡುಬಿಡುತ್ತಿದ್ದರು.

ಆಗೆಲ್ಲ ಕುಟುಂಬ ಯೋಜನೆಯ ಜೀಪು ಊರಿಗೆ ಬರುತ್ತಿತ್ತು. ಚಾವಡಿಯ ಗೋಡೆಗೆ ಕೆಂಪು ತ್ರಿಕೋನ ಬರೆದಿದ್ದರು. ನರ್ಸಬಾಯಿ ಮನೆಮನೆ ತಿರುಗಿ ಯಾರಿಗೆ ಎಷ್ಟು ಮಕ್ಕಳೆಂದು ಕೇಳುತ್ತಿದ್ದಳು. ಒಮ್ಮೆ ನಮ್ಮ ಕಟ್ಟೆಯ ಮೇಲೆ ಕೂತು ನನಗೆ ಎರಡನೆಯದನ್ನು ತಡವಾಗಿ ಹಡೆಯಬೇಕೆಂದು ತಿಳಿಹೇಳುತ್ತಿದ್ದಾಗ, ಅತ್ತೆ ಒಳಗೆ ಹೋದದ್ದನ್ನು ನೋಡಿ ಅಕ್ಕ ಹತ್ತಿರ ಬಂದಳು.

"ಬಾಯಾರ, ಮಕ್ಕಳಾಗಾಕ ಏನರ ಔಷಧಿ ಐತೇನ್ರಿ ನಿಮ್ಮ ಹಂತ್ಯಾಕ?"

ನರ್ಸಬಾಯಿ ಕೆಟ್ಟವಳಲ್ಲ. ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. "ನಮಗ ಆಗದಂಗ ಮಾಡೂದ ಕೊಟ್ಟಾರ ಯವ್ವಾ. ಆಗೂವಂಗ ಮಾಡೂದು ಕೊಟ್ಟಿಲ್ಲ" ಎಂದಳು. ಬರಿಗೈಯಲ್ಲಿ ಕಳಿಸಲಾರದೆ ರಕ್ತ ಹೆಚ್ಚುವ ಗುಳಿಗೆ ಕೊಟ್ಟು ಹೋದಳು. ಮಕ್ಕಳಾಗುವ ಗುಳಿಗೆಯೆಂದೇ ನಂಬಿದವಳ ಹಾಗೆ ಅಕ್ಕ ಅವನ್ನು ತಪ್ಪದೆ ನುಂಗಿದಳು.

ಹತ್ತಿರದ ಸರಕಾರಿ ದವಾಖಾನೆಗೂ ನಾವಿಬ್ಬರು ಹೋಗಿಬಂದೆವು. ಅಲ್ಲಿ ಲೇಡಿ ಡಾಕ್ಟರ್ ಇರಲಿಲ್ಲ. ಗಂಡು ಡಾಕ್ಟರ ಮುಂದೆ ಅಕ್ಕನಿಗೆ ಬಾಯಿಯೇ ಬರಲಿಲ್ಲ. ಹೊಟ್ಟೆ ನೋಯುತ್ತದೆ ಎಂದಳು. ಅವರು ಹೊಟ್ಟೆನೋವಿಗೆ ಔಷಧಿ ಕೊಟ್ಟರು.

ನನಗೆ ಮಗಳು ಹುಟ್ಟಿದ ಮರುವರ್ಷ, ಭಾವನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಮನೆಯಲ್ಲಿ ಶುರುವಾಯಿತು. ಆಗ ಅಕ್ಕ ಹಟ ಹಿಡಿದಳು. "ಹುಬ್ಬಳ್ಯಾಗ ತೋರಸ್ಕೊಂಡ ಬರೂಣ ತಂಗಿ. ಏನೈತಿ ಅನ್ನೂದರ ಗೊತ್ತಾಗ್ಲಿ." ನನ್ನ ತವರು ಆಡೂರಿಗೆ ಹೋಗಿಬರುತ್ತೇವೆಂದು ಅತ್ತೆಗೆ ಹೇಳಿ ಹೊರಟೆವು. ಮಕ್ಕಳನ್ನು ನನ್ನ ಅವ್ವನ ಹತ್ತಿರ ಬಿಟ್ಟು, ಹಾನಗಲ್ಲಿಗೆ ಬಂದು ಹುಬ್ಬಳ್ಳಿ ಬಸ್ಸು ಹತ್ತಿದೆವು.

ಅಲ್ಲಿನ ಡಾಕ್ಟರು ವಯಸ್ಸಾದ ಹೆಂಗಸು. ಅಕ್ಕನನ್ನು ಒಳಗೆ ಮಲಗಿಸಿ ನೋಡಿದರು, ರಕ್ತ ತೆಗೆಸಿದರು, ಮುಟ್ಟಿನ ಬಗ್ಗೆ ಒಂದೊಂದೇ ಕೇಳಿದರು. ಅಷ್ಟು ಹೊತ್ತು ಯಾರೂ ಅವಳ ಮಾತನ್ನು ಕೇಳಿದ್ದೇ ಇಲ್ಲ. ಸಂಜೆ ಮತ್ತೆ ಕರೆದು ಹೇಳಿದರು: "ನನಗ ಕಾಣೂಮಟ್ಟಿಗೆ ನಿನ್ನಾಗ ದೋಷ ಇಲ್ಲವಾ. ಈಗ ನಿನ್ನ ಗಂಡನ್ನ ಕರ್ಕೊಂಡ ಬಾ. ಅವರದೂ ಪರೀಕ್ಷಾ ಆಗಬೇಕು. ನೋವೇನೂ ಆಗೂದಿಲ್ಲ ಅಂತ ಹೇಳು."

ಹಿಂದಿರುಗುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. "ನನ್ನಾಗ ದೋಷ ಇಲ್ಲಂತ, ಕೇಳಿದಿಲ್ಲ?" ಎಂದು ನನ್ನ ಕೈ ಒತ್ತಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದಳು. ಬಂಕಾಪುರದ ಹತ್ತಿರ ಬರುವ ಹೊತ್ತಿಗೆ, "ಅವರಿಗೆ ಇದನ್ನ ಹೆಂಗ ಹೇಳೂದು ತಂಗಿ?" ಎಂದಳು.

ಕೊನೆಗೆ ನನ್ನ ಗಂಡನಿಂದ ಹೇಳಿಸಿದೆವು. ಅವರಿಗೂ ಅದು ಸುಲಭದ ಮಾತಲ್ಲ. ಹೊಲದ ಬದುವಿನ ಮೇಲೆ ಇಬ್ಬರೇ ಇದ್ದಾಗ ಅಣ್ಣನಿಗೆ ಹೇಳಿದರಂತೆ. ಭಾವ ಮನೆಗೆ ಬಂದವನೇ ಅಂಗಳದಲ್ಲಿ ನಿಂತು ಕೂಗಾಡಿದ. "ನನ್ನ ಗಂಡಸ್ತನ ಹುಬ್ಬಳ್ಯಾಗ ತೋರಸ್ಲೇನು? ಒಳಗ ಹಾಕ್ಕೊಂಡು ಕೊಯ್ದ ಕಳಸ್ತಾರ. ಅದ ಬೇಕಾಗೇತಿ ನಿಮಗ!"

ಅವನ ಹೆದರಿಕೆ ಪೂರ್ತಿ ಸುಳ್ಳಾಗಿರಲಿಲ್ಲ. ತುರ್ತು ಪರಿಸ್ಥಿತಿಯ ಕಾಲ ಅದು. ಗಂಡಸರನ್ನು ಹಿಡಿದೊಯ್ದು ಆಪರೇಶನ್ ಮಾಡುತ್ತಾರೆಂಬ ಸುದ್ದಿ ಎಲ್ಲ ಕಡೆ ಇತ್ತು. ಜೀಪಿನ ಸದ್ದಾದರೆ ಊರಿನ ಗಂಡಸರು ಜೋಳದ ಹೊಲ ಹೊಗುತ್ತಿದ್ದರು. ದವಾಖಾನೆ ಎಂಬ ಶಬ್ದಕ್ಕೇ ಬೆವರುತ್ತಿದ್ದರು. ಆದರೆ ಆ ಕಾಲ ಕಳೆದು, ಜೀಪು ಬರುವುದು ಕಡಿಮೆಯಾದ ಮೇಲೂ ಭಾವ ಹೋಗಲಿಲ್ಲ. ತಮ್ಮನ ಜೊತೆ ಮಾತು ಬಿಟ್ಟ. ಅಕ್ಕನ ಕೈಯಿಂದ ನೀರು ತೆಗೆದುಕೊಳ್ಳುವುದನ್ನೂ ಬಿಟ್ಟ.

ಎರಡನೆಯ ಮದುವೆಗೆ ಅಕ್ಕನ ಒಪ್ಪಿಗೆ ಬೇಕೆಂದು ಹಿರಿಯರು ಕೂತಿದ್ದರು. ಅಕ್ಕ ಬಾಗಿಲ ಮರೆಯಲ್ಲಿ ನಿಂತು "ಒಪ್ಪಿಗಿ ಐತ್ರಿ" ಎಂದಳು. ಸರಿಯಾಗಿ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿಸಿದರು.

ಬಂದವಳು ಹಿರೇಕೆರೂರು ಕಡೆಯ ಬಡವರ ಮನೆಯ ಹುಡುಗಿ. ಇನ್ನೂ ಮೈ ತುಂಬಿರಲಿಲ್ಲ. ಅಕ್ಕನನ್ನು ದೊಡ್ಡಕ್ಕ, ನನ್ನನ್ನು ಸಣ್ಣಕ್ಕ ಎನ್ನುತ್ತಿದ್ದಳು. ಸವತಿಯರು ಜಗಳಾಡುತ್ತಾರೆಂದು ಊರು ಕಾದಿತ್ತು. ಅಕ್ಕ ಅವಳ ತಲೆ ಬಾಚುತ್ತಿದ್ದಳು, ಕೆಂಡದಲ್ಲಿ ಸುಟ್ಟ ಶೇಂಗಾ ಸುಲಿದು ಕೊಡುತ್ತಿದ್ದಳು. ಎರಡು ವರ್ಷ, ಮೂರು ವರ್ಷ ಆಯಿತು. ಅವಳಿಗೂ ಏನೂ ಆಗಲಿಲ್ಲ. ಅತ್ತೆಯ ಬೈಗುಳ ಮೆಲ್ಲಗೆ ಅಕ್ಕನಿಂದ ಅವಳ ಮೇಲೆ ಹೊರಳಿತು.

ಅವಳ ತವರಿನ ಹತ್ತಿರದ ಹಳ್ಳಿಯಲ್ಲಿ ಗರ್ಭದ ಬಾಯಿ ಬಿಡಿಸುವ ಔಷಧಿ ಹಾಕುವವಳೊಬ್ಬಳಿದ್ದಾಳೆಂದು ಅತ್ತೆ ಪತ್ತೆ ಹಚ್ಚಿದರು. ಹೊರಡುವ ಮುಂಜಾನೆ ಅಕ್ಕ ಆ ಹುಡುಗಿಯನ್ನು ಹಿತ್ತಲಿಗೆ ಕರೆದು, ಹುಬ್ಬಳ್ಳಿಯ ಡಾಕ್ಟರು ಹೇಳಿದ್ದನ್ನೆಲ್ಲ ನನ್ನೆದುರೇ ಹೇಳಿದಳು. "ನಿನ್ನಾಗೂ ದೋಷ ಇರಲಿಕ್ಕಿಲ್ಲ. ಹೋಗಬ್ಯಾಡ."

ಹುಡುಗಿ ನೆಲ ನೋಡುತ್ತ ನಿಂತಳು. "ಗೊತ್ತೈತಿ ದೊಡ್ಡಕ್ಕ. ಮಂದಿ ಆಡೂದು ನನಗೂ ಕೇಳಸ್ತೈತಿ. ಆದರ ಹೋಗದಿದ್ರ ಮನ್ಯಾಗ ಇಟ್ಕೊಳ್ಳೂದಿಲ್ಲಲಾ" ಎಂದಳು.

ಏನೇನೋ ಬೇರು ಅರೆದು ಬಟ್ಟೆಯ ಉಂಡೆಯಲ್ಲಿ ಕಟ್ಟಿ ಒಳಗೆ ಇಟ್ಟಿದ್ದರಂತೆ. ಹುಡುಗಿ ಚಳಿಜ್ವರದಲ್ಲಿ ನಡುಗುತ್ತ ಹಿಂದಿರುಗಿದಳು. ಕೆಳಹೊಟ್ಟೆ ಮುಟ್ಟಗೊಡುತ್ತಿರಲಿಲ್ಲ. ಅತ್ತೆ, ಔಷಧಿ ಕೆಲಸ ಮಾಡಾಕತ್ತೈತಿ ಎನ್ನುತ್ತಿದ್ದರು. ಕೆಟ್ಟ ವಾಸನೆ ಬರತೊಡಗಿದಾಗ ಅಕ್ಕ ಯಾರನ್ನೂ ಕೇಳದೆ ನನ್ನ ಗಂಡನಿಂದ ಚಕ್ಕಡಿ ಹೂಡಿಸಿದಳು. ಸರಕಾರಿ ದವಾಖಾನೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟು ಹುಬ್ಬಳ್ಳಿಗೆ ಒಯ್ಯಲು ಹೇಳಿದರು. ಹುಬ್ಬಳ್ಳಿಯಲ್ಲಿ, ಜೀವ ಉಳಿಯಬೇಕಾದರೆ ಗರ್ಭಕೋಶ ತೆಗೆಯಬೇಕು, ಗಂಡನ ಸಹಿ ಬೇಕು ಎಂದರು.

ಹೀಗೆ ಭಾವ ದವಾಖಾನೆಗೆ ಬಂದ. ಸಹಿ ಮಾಡಿದ. ಅವಳನ್ನು ಒಳಗೆ ಒಯ್ದ ಮೇಲೆ ಹೊರಗಿನ ಬೆಂಚಿನ ಮೇಲೆ ಕೂತು ಬೀಡಿ ಹಚ್ಚಿದ. ಅಕ್ಕ ಅವನ ಮುಂದೆ ಹೋಗಿ ನಿಂತಳು. ಅಷ್ಟು ವರ್ಷಗಳಲ್ಲಿ ಅವಳು ಅವನ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಇಲ್ಲೀತನಾ ಬಂದೀರಿ. ಒಮ್ಮಿ ತೋರಸ್ಕೊಂಡ ಹೋಗ್ರಿ."

"ಈಗ ಯಾಕ?" ಎಂದ ಭಾವ. "ಈಗ ಇನ್ನೇನ ಉಪಯೋಗ?"

"ನನಗ ಉಪಯೋಗ ಐತಿ."

ಅವನು ಬೀಡಿ ಹೊಸಕಿಹಾಕಿ ಎದ್ದ. ದನಗಳಿಗೆ ಮೇವು ಹಾಕುವವರಿಲ್ಲ ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೋದ.

ಹುಡುಗಿ ಬದುಕಿದಳು. ಆದರೆ ಈಗ ಊರಿಗೆಲ್ಲ ಕಾರಣ ಸಿಕ್ಕಂತಾಯಿತು. ಮೊದಲನೆಯವಳು ಬಂಜೆ, ಎರಡನೆಯವಳಿಗೆ ಗರ್ಭಕೋಶವೇ ಇಲ್ಲ, ಪಾಪ, ಅವನಾದರೂ ಏನು ಮಾಡಿಯಾನು ಎಂದು ಭಾವನ ಮೇಲೆ ಮರುಕಪಟ್ಟರು. ಗಾಯ ಮಾಯುವ ಮುಂಚೆಯೇ ಅವಳ ಅಪ್ಪನನ್ನು ಕರೆಸಿ ಕಳಿಸಿಬಿಟ್ಟರು. ಹೊರಡುವಾಗ ಅಕ್ಕ ತನ್ನ ಒಳ್ಳೆಯ ಸೀರೆಯನ್ನು ಅವಳ ಗಂಟಿನಲ್ಲಿ ಇಟ್ಟಳು. ಆ ಮೇಲೆ ಅಕ್ಕ ನಕ್ಕದ್ದನ್ನು ನಾನು ನೋಡಲಿಲ್ಲ. ಅತ್ತೆ ಅವಳನ್ನು ಬೈಯುವುದನ್ನೂ ಬಿಟ್ಟರು. ಬೈಯಲು ಅವಳಲ್ಲಿ ಏನೂ ಉಳಿದಿರಲಿಲ್ಲವೇನೋ.

ಮೂರನೆಯ ಹೆರಿಗೆಯಾದ ಮೇಲೆ ನಾನು ಆಪರೇಶನ್ ಮಾಡಿಸಿಕೊಂಡೆ. ಜೀಪು ಮನೆಯ ಮುಂದೆ ಬಂದು ಕರೆದೊಯ್ಯಿತು, ಮನೆಯ ಮುಂದೆಯೇ ಇಳಿಸಿಹೋಯಿತು. ಹೊಲಿಗೆ ಬಿಚ್ಚುವ ತನಕ ನನಗೆ ಗಂಜಿ ಕುಡಿಸಿದವಳು ಅಕ್ಕ. ನನಗೆ ಸಿಕ್ಕಿದ್ದಕ್ಕೆ ಅವಳು ಹೊಟ್ಟೆಕಿಚ್ಚುಪಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಸುಮ್ಮನೆ ಗಂಜಿ ಆರಿಸುತ್ತಿದ್ದಳು.

ಎಂಬತ್ತರ ದಶಕದ ನಡುವಿನಲ್ಲಿ ಒಮ್ಮೆ, ತವರಿನಿಂದ ಬರುವಾಗ, ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು. ಹುಡುಗಿ ಎಂದೇ ಬಾಯಿಗೆ ಬರುತ್ತದೆ. ಕೂದಲು ಆಗಲೇ ಅಲ್ಲಲ್ಲಿ ಬೆಳ್ಳಗಾಗಿತ್ತು, ಬೆರಳುಗಳು ಅಡಿಕೆ ಸುಲಿದು ಕಪ್ಪಾಗಿದ್ದವು. ಕೂಲಿಗೆ ಬಂದು ಅಲ್ಲೇ ಇದ್ದಳಂತೆ.

"ಹೆಂಗ ಅದೀಯವಾ?" ಎಂದೆ.

"ಅದೀನ್ರಿ ಸಣ್ಣಕ್ಕ. ನನಗ ಮುಟ್ಟಿನ ಕಾಟ ಇಲ್ಲಲಾ, ಯಾವಾಗ ಬೇಕಾದ್ರೂ ಕೆಲಸಕ್ಕ ಕರೀತಾರ." ಅದನ್ನು ಅವಳು ನಗಿಸಲು ಹೇಳಿರಲಿಲ್ಲ. ಹಾಗೆಯೇ ಇತ್ತು, ಹೇಳಿದಳು. ಆಮೇಲೆ "ದೊಡ್ಡಕ್ಕ?" ಎಂದಳು.

"ಅದಾಳ."

ಭಾವನ ಬಗ್ಗೆ ಕೇಳಲಿಲ್ಲ. ಅವಳ ಜೊತೆಯ ಹೆಂಗಸರು ಕರೆದರು. ಹೋಗಿಬರುತ್ತೇನೆಂದು ಕೈ ಮುಗಿದು ಅವರ ಹಿಂದೆ ನಡೆದಳು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಉಣ್ಣಾಕ ಸಿಗತೈತಂತೇನು?" ಎಂದು ಕೇಳಿದಳು. ಸಿಗುತ್ತದಂತೆ ಎಂದೆ. ತಲೆಯಾಡಿಸಿ, ಮುಂದಿನ ಮೊರಕ್ಕೆ ಜೋಳ ತುಂಬಿಕೊಂಡಳು.