ಕಾರಿನ ಹಣೆಗೆ ಹಚ್ಚಿದ ವಿಭೂತಿ

ಸ್ಟೀರಿಂಗ್ ನನ್ನ ಕೈಯೊಳಗೇ ತಾನಾಗಿ ತಿರುಗಿದಾಗ ನಾನು ಚೀರಿಬಿಟ್ಟೆ. ನಾಗಪುರದಿಂದ ಕಳಮೇಶ್ವರಕ್ಕೆ ಹೋಗುವ ರಸ್ತೆ, ಬೆಳಗಿನ ಎಂಟು ಗಂಟೆ, ಹೊಸ ಕಾರು ಮನೆಗೆ ಬಂದು ಮೂರನೆಯ ದಿನ. ಬಿಳಿ ಗೆರೆಯ ಕಡೆ ಸ್ವಲ್ಪ ಸರಿದಿದ್ದೆನೇನೋ, ಯಾರೋ ಪಕ್ಕದಲ್ಲಿ ಕೂತು ಹಿಡಿದೆಳೆದಂತೆ ಕಾರು ಮತ್ತೆ ಗೆರೆಯೊಳಗೆ ಬಂತು. ಪಕ್ಕದ ಸೀಟಿನಲ್ಲಿ ನನ್ನ ಊಟದ ಡಬ್ಬಿ ಬಿಟ್ಟರೆ ಯಾರೂ ಇರಲಿಲ್ಲ. ರಸ್ತೆ ಬದಿಗೆ ನಿಲ್ಲಿಸಿ ಗಂಡನಿಗೆ ಫೋನ್ ಮಾಡಿದೆ. ‘ಅದು ಹಂಗ ಮಾಡಬೇಕು. ಅದಕ್ಕ ಅಲ್ಲೇನು ಅಷ್ಟು ಹುಡುಕಿ ತಗೊಂಡಿದ್ದು?’ ಎಂದು ನಕ್ಕರು.

ಗದಗಿನಲ್ಲಿದ್ದ ನಲವತ್ತೊಂದು ವರ್ಷಗಳಲ್ಲಿ ನಾನು ಡ್ರೈವರ್ ಸೀಟಿನಲ್ಲಿ ಕೂತವಳೇ ಅಲ್ಲ. ಅಲ್ಲಿ ಸ್ಟೇಷನ್ ರೋಡಿನಿಂದ ಮನೆಗೆ ನಡೆದರೂ ಮುಗಿಯಿತು. ಗಂಡ ಶ್ರೀಕಾಂತರಿಗೆ ಇಲ್ಲಿನ ಕೇಂದ್ರ ಸರಕಾರದ ಕಚೇರಿಗೆ ವರ್ಗವಾದಾಗ ಬಜಾಜ್ ನಗರದಲ್ಲಿ ಒಂದು ಮಾಳಿಗೆ ಮನೆ ಬಾಡಿಗೆಗೆ ಹಿಡಿದೆವು. ನನಗೆ ಕಳಮೇಶ್ವರದ ಔಷಧ ಕಾರ್ಖಾನೆಯೊಂದರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನಮ್ಮ ಕಡೆ ಬ್ಯಾಸಿಗಿ ಅಂದರೆ ಮಧ್ಯಾಹ್ನ ಬಾಗಿಲು ಮುಂದೆ ಮಾಡಿ ಮಲಗುವುದು. ಇಲ್ಲಿ ಕಿಟಕಿಗೊಂದು ಕೂಲರ್, ಅದಕ್ಕೆ ಎರಡು ಹೊತ್ತು ನೀರು ತುಂಬುವುದು, ಮುಖಕ್ಕೆ ಕಣ್ಣಷ್ಟೇ ಬಿಟ್ಟು ಬಟ್ಟೆ ಸುತ್ತಿಕೊಳ್ಳುವುದು. ಮೊದಲ ವರ್ಷ ಬಸ್ಸಿನಲ್ಲಿ ಅಲೆದು ಸಾಕಾಗಿ ಡ್ರೈವಿಂಗ್ ಕಲಿತೆ. ಪರೀಕ್ಷೆ ಪಾಸಾದ ದಿನ ಊರಿಗೆಲ್ಲ ಫೋನ್ ಮಾಡಿ ಹೇಳಿದ್ದೆ.

ಮರಾಠಿ ಕಲಿಸಿದವಳು ಮಂಗಲಾತಾಯಿ. ತಾಯಿ ಅಂದರೆ ಇಲ್ಲಿ ಅಮ್ಮ ಅಲ್ಲ, ಅಕ್ಕ. ನಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವಳು, ನನಗಿಂತ ಆರೇಳು ವರ್ಷ ದೊಡ್ಡವಳು, ಗಟ್ಟಿ ದನಿಯವಳು. ‘ಕಾಯ್ ಕರೂನ್ ರಾಹಿಲೀ?’ ಎಂದು ಕೇಳುತ್ತ ಬರುವಳು. ಏನು ಮಾಡ್ತಾ ಇದ್ದೀ ಎಂದು ಅರ್ಥ, ನಾಗಪುರದವರು ಹೀಗೇ ಕೇಳುತ್ತಾರೆ. ಊಟದ ಹೊತ್ತಿನಲ್ಲಿ ಎಲ್ಲರೂ ನನ್ನನ್ನು ಬಿಟ್ಟು ಮಾತಾಡುತ್ತಿದ್ದಾಗ ನನ್ನ ಡಬ್ಬಿ ಎತ್ತಿ ತನ್ನ ಪಕ್ಕ ಇಟ್ಟುಕೊಂಡವಳು ಅವಳೊಬ್ಬಳೇ. ಅವಲಕ್ಕಿಯ ಮೇಲೆ ಸುರಿಯುವ ಖಾರದ ರಸಕ್ಕೆ ಇಲ್ಲಿ ಟರ್ರಿ ಅನ್ನುತ್ತಾರೆ. ಅದನ್ನು ಕಣ್ಣೀರಿಲ್ಲದೆ ತಿನ್ನುವುದನ್ನೂ ಅವಳೇ ಕಲಿಸಿದಳು. ನಾನು ಜೋಳದ ರೊಟ್ಟಿ ಒಯ್ದರೆ, ನಿಮ್ಮ ಭಾಕರಿ ಕಾಗದದಷ್ಟು ತೆಳ್ಳಗೆ, ಇದರಿಂದ ಹೊಟ್ಟೆ ಹೇಗೆ ತುಂಬುತ್ತದೆ ಎಂದು ಗೇಲಿ ಮಾಡಿ ಎರಡು ತಿನ್ನುವಳು.

ಈಗ ಕಾರಿನ ವಿಷಯ. ಅದನ್ನು ಮಾರಿದ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೆಂಪು ಬಟ್ಟೆ ಸರಿಸಿ ಕಾರು ತೋರಿಸಿದ, ಪೇಢೆ ಕೊಟ್ಟ, ಮಾರುದ್ದದ ಕೀಲಿಕೈ ಹಿಡಿಸಿ ಫೋಟೋ ತೆಗೆದ. ‘ಮ್ಯಾಡಮ್, ಮುಂದೆ ಯಾರಾದರೂ ಬಂದರೆ ಇದೇ ಬ್ರೇಕ್ ಹಾಕುತ್ತೆ, ಗೆರೆ ದಾಟಿದರೆ ಇದೇ ತಿರುಗಿಸುತ್ತೆ, ನೀವು ಆರಾಮಾಗಿ ಕೂತರಾಯಿತು’ ಅಂದ. ಯಾವಾಗ ಹಾಕುವುದಿಲ್ಲ ಎಂದು ಹೇಳಲಿಲ್ಲ. ಅದನ್ನು ಹೇಳಲು ಎರಡು ನಿಮಿಷ ಸಾಕಿತ್ತು. ಫೋಟೋಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಂಡ. ಕಾರಿನ ಪುಸ್ತಕ ಪ್ಲಾಸ್ಟಿಕ್ ಚೀಲದೊಳಗೆ ಹಾಗೇ ಡ್ಯಾಶ್‌ಬೋರ್ಡಿನ ಖಾನೆ ಸೇರಿತು. ಅದನ್ನು ಓದದಿದ್ದವಳು ನಾನೇ, ಆ ತಪ್ಪನ್ನು ಅವನ ತಲೆಗೆ ಕಟ್ಟಲಾರೆ.

ಎರಡು ತಿಂಗಳಲ್ಲಿ ನನ್ನ ಚೀರಾಟ ನಿಂತಿತು. ಅರವತ್ತರ ವೇಗಕ್ಕೆ ಗುಂಡಿ ಒತ್ತಿದರೆ ಕಾರು ತಾನೇ ಓಡುವುದು, ಮುಂದಿನ ಗಾಡಿ ನಿಧಾನವಾದರೆ ತಾನೂ ನಿಧಾನವಾಗುವುದು. ಆಕ್ಸಿಲರೇಟರಿನಿಂದ ಕಾಲು ತೆಗೆದು ಆರಾಮಾಗಿ ಕೂಡುವುದು ಕಲಿತೆ. ದಿನಾ ಬೆಳಿಗ್ಗೆ ಲ್ಯಾಬಿನಲ್ಲಿ ತಕ್ಕಡಿಯ ಧೂಳು ಒರೆಸಿ, ಅದು ಸರಿ ತೂಗುತ್ತದೆಯೇ ಎಂದು ಪರೀಕ್ಷಿಸಿ ಸಹಿ ಹಾಕಿದ ಮೇಲೇ ಒಂದು ಗುಳಿಗೆ ತೂಗುವವಳು ನಾನು. ಕಾರನ್ನು ಒಂದು ದಿನವೂ ಹಾಗೆ ನೋಡಲಿಲ್ಲ.

ದಸರೆಯಲ್ಲಿ ಖಂಡೇನವಮಿ ಬಂತು. ಊರಲ್ಲಾದರೆ ಸೈಕಲ್ಲು, ಕುಡುಗೋಲು, ಈಳಿಗೆ ಎಲ್ಲ ತೊಳೆದು ಪೂಜೆ. ಇಲ್ಲಿ ನಮಗಿದ್ದದ್ದು ಈ ಕಾರೊಂದೇ. ಮೂತಿಗೆ ಈ ಕಡೆಯಿಂದ ಆ ಕಡೆಗೆ ದಪ್ಪನೆಯ ಚೆಂಡುಹೂವಿನ ಮಾಲೆ ಬಿಗಿದೆವು. ಇನ್ನು ವಿಭೂತಿ. ‘ಕಾರಿಗೆ ಹಣಿ ಯಾವುದು?’ ಎಂದು ನಾನೇ ಕೇಳಿದೆ. ಶ್ರೀಕಾಂತರು ಮುಂದಿನ ಗಾಜಿನ ನಡುವೆ, ಮೇಲ್ತುದಿಯಲ್ಲಿ, ಕನ್ನಡಿಯ ಎದುರಿಗೆ ಮೂರು ಬೆರಳಲ್ಲಿ ದಟ್ಟವಾಗಿ ಎಳೆದರು. ಆ ಜಾಗದ ಹಿಂದೆಯೇ ಕಾರಿನ ಕ್ಯಾಮೆರಾ ಇತ್ತು. ಮಾಲೆ ಬಿಗಿದಿದ್ದು ಮುಂದಿನ ಗಾಡಿಯ ದೂರ ಅಳೆಯುವ ರಾಡಾರಿನ ಮೇಲೆ. ಕಾರಿನ ಎರಡು ಕಣ್ಣನ್ನೂ ಮುಚ್ಚಿ ಆರತಿ ಎತ್ತಿದೆವು, ಫೋಟೋ ತೆಗೆದು ನಾಗಪುರದ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಹಾಕಿದೆವು.

ಮರುದಿನದಿಂದ ಕಾರು ಕುಂಯ್ ಕುಂಯ್ ಅನ್ನತೊಡಗಿತು. ಮುಂದಿನ ಸೆನ್ಸರ್ ಮುಚ್ಚಿದೆ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು ಬರುತ್ತಿತ್ತು. ಪೂಜೆಯ ಮಾಲೆಯನ್ನು ಬಾಡುವ ಮೊದಲು ಕೀಳಬಾರದು ಎನ್ನುವುದು ನಮ್ಮತ್ತೆಯ ಕಾಲದಿಂದ ಬಂದ ಮಾತು, ನಾವಿಬ್ಬರೂ ಅದರ ಮೇಲೆ ಕೈ ಹಾಕಲಿಲ್ಲ. ‘ಏನ್ ಕಿರಿಕಿರಿ ಹಚ್ಚೇತಿ ಇದು’ ಎಂದು ಶ್ರೀಕಾಂತರು ಪರದೆ ಒತ್ತಿ ಒತ್ತಿ ಏನೇನೋ ಬಂದ್ ಮಾಡಿದರು. ಸಪ್ಪಳ ನಿಂತಿತು. ‘ಸ್ಪೀಡ್ ಗುಂಡಿ ಮೊದಲಿನಂಗ ಕೆಲಸ ಮಾಡ್ತೈತಿ, ಜಲ್ದಿ ಹೊರಡು’ ಅಂದರು. ಗುಂಡಿ ಅದೇ, ವೇಗವೂ ಅದೇ, ಆದರೆ ಈಗ ಅದು ಬರಿಯ ವೇಗ ಹಿಡಿಯುವ ಗುಂಡಿಯಾಗಿತ್ತು. ಮುಂದೆ ಯಾರಿದ್ದಾರೆಂದು ನೋಡುವ ಕೆಲಸ ನಿಂತುಹೋಗಿತ್ತು. ನಾಲ್ಕು ದಿನ ಹಾಗೇ ಓಡಿಸಿದೆ. ರಸ್ತೆ ಖಾಲಿಯಿದ್ದ ಹಬ್ಬದ ದಿನಗಳಾದ್ದರಿಂದ ಗೊತ್ತೇ ಆಗಲಿಲ್ಲ.

ಐದನೆಯ ದಿನ ಬೆಳಿಗ್ಗೆ ಕಾರ್ಖಾನೆಯ ತಿರುವಿಗೆ ಅರ್ಧ ಫರ್ಲಾಂಗು ಇರುವಾಗ ನಾನು ಫೋನ್ ನೋಡುತ್ತಿದ್ದೆ. ಗುಂಪಿನಲ್ಲಿ ನಮ್ಮ ಕಾರಿನ ಫೋಟೋದ ಕೆಳಗೆ ಯಾರೋ ಬರೆದಿದ್ದರು, ‘ವೈನಿ, ಗಾಡಿ ಮದುಮಗಳಂಗ ಕಾಣ್ತೈತಿ.’ ಇನ್ನೊಬ್ಬರು ಏನೋ ಚೇಷ್ಟೆ ಮಾಡಿದ್ದರು. ಒಂದು ಕೈ ಸ್ಟೀರಿಂಗಿನ ಮೇಲಿತ್ತು, ಕಣ್ಣು ಇರಲಿಲ್ಲ. ತಲೆ ಎತ್ತಿದಾಗ ಎದುರಿಗೇ ಒಂದು ಮೊಪೆಡ್ಡಿನ ಹಿಂಬದಿ. ಅದು ನಿಧಾನವಾಗಿ ಬಲಕ್ಕೆ ತಿರುಗುತ್ತಿತ್ತು. ಕಾರು ತಾನೇ ಬ್ರೇಕ್ ಹಾಕುತ್ತದೆ ಎಂದು ಒಂದು ಗಳಿಗೆ ಕಾದೆ. ಹೌದು, ಕಾದೆ. ನನ್ನ ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಮೊಪೆಡ್ ಉರುಳಿತ್ತು, ಚೆಂಡುಹೂಗಳು ರಸ್ತೆಯ ತುಂಬ ಚೆಲ್ಲಿದ್ದವು. ಓಡಿಹೋಗಿ ಮುಖಕ್ಕೆ ಸುತ್ತಿದ್ದ ಬಟ್ಟೆ ಸರಿಸಿದರೆ ಮಂಗಲಾತಾಯಿ.

ಅವಳ ತೊಡೆಯ ಎಲುಬು ಮುರಿದಿತ್ತು. ರಸ್ತೆಯಲ್ಲಿ ನಮ್ಮಿಬ್ಬರ ಹೊರತು ಆ ಗಳಿಗೆ ಕಂಡವರು ಯಾರೂ ಇರಲಿಲ್ಲ. ಅವಳ ಮೊಪೆಡ್ಡಿನ ಇಂಡಿಕೇಟರ್ ಬಹಳ ದಿನದಿಂದ ಕೆಟ್ಟಿತ್ತು, ತಿರುಗುವಾಗ ಬಲಗೈ ಚಾಚಿ ತೋರಿಸುವುದು ಅವಳ ರೂಢಿ, ಅದು ನನಗೆ ಗೊತ್ತಿದ್ದದ್ದೇ. ಸಂಜೆ ಆಸ್ಪತ್ರೆಗೆ ಹೋದಾಗ ಅವಳು ನನ್ನ ಕಡೆ ನೋಡದೆ, ಚಾವಣಿ ನೋಡುತ್ತ ಹೇಳಿದಳು: ‘ಮೀ ಹಾತ್ ದಾಖವಲಾ ಹೋತಾ. ತೂ ಪಾಹಿಲಂ ನಾಹೀಸ್.’ ನಾನು ಕೈ ತೋರಿಸಿದ್ದೆ, ನೀನು ನೋಡಲಿಲ್ಲ. ನಾನು ಎದ್ದು ಬಂದೆ. ಸನ್ನೆ ಮಾಡದೆ ತಿರುಗಿದ್ದು ಅವಳದೇ ತಪ್ಪು ಎಂದು ಬರೆದರೆ ಅವಳಿಗೆ ಪರಿಹಾರವೂ ಇಲ್ಲ, ಮುರಿದ ಕಾಲಿನ ಜೊತೆ ಆರೋಪವೂ ಅವಳ ಮೇಲೆಯೇ ಎಂದು ಠಾಣೆಯ ಹವಾಲ್ದಾರ ಆಗಲೇ ಹೇಳಿದ್ದ. ಎರಡು ದಿನ ಬಿಟ್ಟು ಬಂದು ನನ್ನ ಜಬಾಬು, ಅಂದರೆ ಹೇಳಿಕೆ, ಬರೆದುಕೊಡಬೇಕಿತ್ತು.

ಮರುದಿನ ಮನೆಗೆ ಹಿರೇಮಠ ಕಾಕಾ ಬಂದರು. ನಮ್ಮ ಗುಂಪಿನ ಹಿರಿಯರು, ರೈಲ್ವೆಯಲ್ಲಿ ನಿವೃತ್ತರು, ನಮಗೆ ಈ ಮನೆ ಹುಡುಕಿಕೊಟ್ಟವರೂ ಅವರೇ.

‘ನೋಡವಾ ತಂಗಿ’ ಅಂದರು, ಚಹಾ ಬಸಿಯಲ್ಲಿ ಹೊಯ್ದುಕೊಳ್ಳುತ್ತ. ‘ನಾವು ಪರಊರಾಗ ಇರೋ ಮಂದಿ. ಒಬ್ಬರಿಗೊಬ್ಬರು ಆಗಬೇಕು. ಆಕಿ ಕೈ ತೋರಿಸಿದ್ದು ನೀ ನೋಡಿಯೇನು?’

‘ಇಲ್ರಿ ಕಾಕಾ.’

‘ಮತ್ತ? ನೋಡಿಲ್ಲ ಅಂದ್ರ ತೋರಿಸಿಲ್ಲ ಅಂತ ಬರದು ಕೊಡು. ಅದರಾಗ ಸುಳ್ಳು ಏನೈತಿ?’

‘ನಾನು ರಸ್ತೆನ ನೋಡತಿರಲಿಲ್ರಿ. ಫೋನ್ ನೋಡತಿದ್ದೆ.’

‘ಅದನ್ನ ಯಾರು ಕೇಳ್ಯಾರ ನಿನ್ನ?’

ಶ್ರೀಕಾಂತರು ನಡುವೆ ಬಾಯಿ ಹಾಕಿದರು. ‘ಇಲ್ಲಾಂದ್ರ ಕಾರಿನ ಮ್ಯಾಲ ಹಾಕೋಣ. ಬ್ರೇಕ್ ತಾನ ಹಾಕ್ತೈತಿ ಅಂತ ಹೇಳೇ ಮಾರ್ಯಾರ. ಹಾಕಲಿಲ್ಲ ಅಂದ್ರ ಅದು ಅವರ ತಪ್ಪು.’

‘ಬರೋಬರ್!’ ಅಂದರು ಕಾಕಾ.

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ಅರ್ಧ ದಿನ ನನಗೆ ಹಿತವಾಗಿತ್ತು. ಅವರು ಹೋದ ಮೇಲೆ ಖಾನೆಯಿಂದ ಕಾರಿನ ಪುಸ್ತಕ ತೆಗೆದು, ಪ್ಲಾಸ್ಟಿಕ್ ಹರಿದು, ಕಾರಿನ ಮೇಲೆ ಹೊರಿಸಲು ಒಂದು ವಾಕ್ಯ ಸಿಗುತ್ತದೆಯೇ ಎಂದು ಹುಡುಕಿದೆ. ಸಿಕ್ಕಿದ್ದು ಬೇರೆ. ಸೆನ್ಸರಿನ ಮುಂದೆ ಏನನ್ನೂ ಕಟ್ಟಬೇಡಿ, ಅಂಟಿಸಬೇಡಿ, ಗಾಜನ್ನು ಒರೆಸಿ ಇಡಿ. ತಿರುಗುವ ಗಾಡಿ, ದ್ವಿಚಕ್ರ, ನಡೆಯುವವರು ಇದಕ್ಕೆ ಕಾಣದೇ ಇರಬಹುದು. ಇದು ಸಹಾಯ ಮಾತ್ರ, ಕೈ ಸ್ಟೀರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ ಇರಬೇಕು, ಯಾವ ಹೊತ್ತಿಗೂ ಹೊಣೆ ಓಡಿಸುವವರದೇ. ಮಾರುವವನ ಬಾಯಲ್ಲಿ ಬರದ ಮಾತುಗಳೆಲ್ಲ ಅಲ್ಲಿ ಸಣ್ಣ ಅಕ್ಷರಗಳಲ್ಲಿ ಇದ್ದವು. ಸಿಟ್ಟಿಗೆ ಮೈ ಉರಿಯಿತು. ಅವನ ಮೇಲೆ, ಗುಂಡಿ ಒತ್ತಿ ಸಪ್ಪಳ ಅಡಗಿಸಿದ ಗಂಡನ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಸಪ್ಪಳ ಅಡಗಿಸುವ ತನಕ ಕಾರು ಬಡಕೊಂಡಿತ್ತು, ತನ್ನ ಕಣ್ಣು ಮುಚ್ಚಿದೆ ಎಂದು. ತಕ್ಕಡಿ ಹಾಗೆ ಅಂದಿದ್ದರೆ ನಾನು ಇಡೀ ಲ್ಯಾಬ್ ನಿಲ್ಲಿಸುತ್ತಿದ್ದೆ.

ಠಾಣೆಯಲ್ಲಿ ಹವಾಲ್ದಾರ ಹಿಂದಿಯಲ್ಲಿ ಬರೆಯಲೇ ಎಂದು ಕೇಳಿದ. ಮರಾಠಿಯಲ್ಲೇ ಹೇಳಿದೆ. ತಪ್ಪು ತಪ್ಪಾಗಿ ಹೇಳಿದೆ, ಅವನು ತಿದ್ದಿಕೊಂಡು ಬರೆದ. ಮಾಲೆ ಕಟ್ಟಿದ್ದು, ವಿಭೂತಿ ಹಚ್ಚಿದ್ದು, ಎಚ್ಚರಿಕೆ ಬಂದ್ ಮಾಡಿದ ಗಾಡಿಯನ್ನು ಏನಾಗಿದೆ ಎಂದು ಕೇಳದೆ ಓಡಿಸಿದ್ದು, ಫೋನ್ ನೋಡಿದ್ದು, ಎಲ್ಲ. ಅವಳು ಕೈ ತೋರಿಸಿದ್ದೆ ಅನ್ನುತ್ತಾಳೆ, ಅವಳ ರೂಢಿ ನನಗೆ ಗೊತ್ತು, ನಂಬುತ್ತೇನೆ, ನಾನು ನೋಡಲಿಲ್ಲ ಎಂದೂ ಬರೆಸಿದೆ. ಬಾಗಿಲಲ್ಲಿ ನಿಂತಿದ್ದ ಶ್ರೀಕಾಂತರ ಮುಖ ಕಪ್ಪಿಟ್ಟಿತ್ತು. ‘ಲೈಸನ್ಸ್ ಹೋಗ್ತೈತಿ, ಗೊತ್ತೈತೇನು?’ ಅಂದರು. ‘ಹೋಗಲಿ’ ಅಂದೆ. 

ಮೂರು ತಿಂಗಳು ಲೈಸನ್ಸ್ ಅಮಾನತಾಗಿ ಮತ್ತೆ ಕೈಗೆ ಬಂತು, ನನ್ನ ಮೇಲಿನ ಕೇಸು ಇನ್ನೂ ನಡೆದಿದೆ. ಮಂಗಲಾತಾಯಿಗೆ ಕಾರಿನ ವಿಮೆಯಿಂದ ಪರಿಹಾರ ಮಂಜೂರಾಯಿತು. ಗುಂಪಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ, ಆದರೆ ರಾಜ್ಯೋತ್ಸವದ ಊಟಕ್ಕೆ ಕರೆಯುವಾಗ ಕಾಕಾ ಶ್ರೀಕಾಂತರಿಗಷ್ಟೇ ಫೋನ್ ಮಾಡಿದರು. ಅಪಘಾತದ ಹೊತ್ತಿನಲ್ಲಿ ನಮ್ಮವರ ಬದಲು ಅವರ ಪಕ್ಷ ವಹಿಸಿದವಳು ನಾನು ಎಂದು ಗದಗಿನವರೆಗೂ ಸುದ್ದಿ ಹೋಗಿದೆ. ಯಾವ ಪಕ್ಷ? ಮುರಿದ ಕಾಲಿಗೆ ಕನ್ನಡ ಮರಾಠಿ ಎಂಬುದಿದೆಯೇ? ಇದನ್ನು ಕೇಳಿದರೆ ತವರಿನವರೂ ಫೋನಿನಲ್ಲಿ ಮಾತು ಬದಲಿಸುತ್ತಾರೆ. ಈಗ ನಾನು ಗಾಜು ಒರೆಸಿ, ಮೂತಿ ಒರೆಸಿ, ಫೋನನ್ನು ಹಿಂದಿನ ಸೀಟಿಗೆ ಎಸೆದು ಕಾರು ಹತ್ತುತ್ತೇನೆ. ಸಹಾಯದ ಗುಂಡಿಗಳು ಇವೆ, ಅವು ಎಲ್ಲಿ ಕುರುಡು ಎಂದು ನನಗೆ ಗೊತ್ತಿದೆ. ಬ್ರೇಕಿನ ಹತ್ತಿರದಿಂದ ಕಾಲು ಸರಿಸುವುದಿಲ್ಲ.

ಮಂಗಲಾತಾಯಿ ಕೋಲು ಹಿಡಿದು ಕೆಲಸಕ್ಕೆ ಮರಳಿದಳು. ಮೊದಲ ದಿನವೇ ಮನೆಯಿಂದ ಕರೆತರುತ್ತೇನೆ ಎಂದು ಕೇಳಿದೆ. ಅವಳು, ‘ನೀನು ಖರೆ ಹೇಳಿದೆ, ಅದಕ್ಕೆ ನಿನ್ನ ಜೊತೆ ಮಾತಾಡುತ್ತೇನೆ. ಗಾಡಿಯ ಮಾತು ಎತ್ತಬೇಡ’ ಎಂದಳು, ತನ್ನ ಮರಾಠಿಯಲ್ಲಿ. ಊಟದ ಹೊತ್ತಿನಲ್ಲಿ ಈಗ ನನ್ನ ಡಬ್ಬಿ ಎತ್ತಿಕೊಳ್ಳುವುದಿಲ್ಲ, ನಾನೇ ಒಯ್ದು ಅವಳ ಪಕ್ಕ ಇಟ್ಟರೆ ಬೇಡ ಅನ್ನುವುದೂ ಇಲ್ಲ.

ಈಗ ಅವಳು ಬಸ್ಸಿಗೆ ಬರುತ್ತಾಳೆ. ಇಳಿದು ರಸ್ತೆ ದಾಟಿ ಗೇಟಿಗೆ ಬರಬೇಕು, ದಿನಾ ಅದೇ ಹೊತ್ತಿಗೆ ನನ್ನ ಕಾರೂ ಅಲ್ಲಿಗೆ ಬರುತ್ತದೆ. ನಾನು ದೂರದಲ್ಲೇ ಪೂರ್ತಿ ನಿಲ್ಲಿಸುತ್ತೇನೆ. ಗಾಜು ಇಳಿಸಿ ಕೈ ಹೊರಗೆ ಹಾಕಿ, ದಾಟು ತಾಯೀ ಎಂದು ಸನ್ನೆ ಮಾಡುತ್ತೇನೆ. ಅವಳು ಕೋಲೂರಿ ಅಲ್ಲೇ ನಿಂತಿರುತ್ತಾಳೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆದರೂ ಕದಲುವುದಿಲ್ಲ, ನನ್ನನ್ನೇ ನೋಡುತ್ತ ಬಲಗೈ ಚಾಚಿ, ಮೊದಲು ನೀನು ಹೋಗು ಎಂದು ತೋರಿಸುತ್ತಾಳೆ. ನಾನು ಹೋದ ಮೇಲೆಯೇ ಅವಳು ರಸ್ತೆಗೆ ಕಾಲಿಡುತ್ತಾಳೆ.