ಕಾದಂಬರಿಯಲ್ಲಿ ಇಲ್ಲದ ಸೋದರಮಾವ

ಬಡಗಿಯ ಮಗಳು ಅವಳನ್ನು ಮೊದಲು ನೋಡಿದ್ದು ಇಂಗ್ಲಿಷ್ ಎಂ.ಎ. ವಿಭಾಗದ ಮೆಟ್ಟಿಲ ಮೇಲೆ, ಪ್ರವೇಶದ ದಿನ. ಆ ಹುಡುಗಿ ನೀಲಿ ಕೊಡೆಯನ್ನು ಪಕ್ಕಕ್ಕಿಟ್ಟು, ಕಿತ್ತುಹೋದ ಚಪ್ಪಲಿಯ ಉಂಗುಷ್ಟಕ್ಕೆ ಪಿನ್ನು ಚುಚ್ಚುತ್ತ ಕೂತಿದ್ದಳು. ಕೈಗೆ ಕೆಲಸವಿದ್ದರೂ ಬಾಯಿಗೆ ಬಿಡುವಿರಲಿಲ್ಲ. ಗುರುತು ಪರಿಚಯವಿಲ್ಲದ ಯಾರದೋ ತಾಯಿಗೆ, ಬಸ್ಸಿನಲ್ಲಿ ನಡೆದ ಜಗಳವನ್ನು ಹೇಳುತ್ತಿದ್ದಳು. ಕಂಡಕ್ಟರನಿಗೊಂದು ದನಿ, ಮುದುಕಿಗೊಂದು ದನಿ. ಬಡಗಿಯ ಮಗಳು ಶುಲ್ಕ ಕಟ್ಟುವ ಸಾಲು ಬಿಟ್ಟು ಅಲ್ಲೇ ನಿಂತುಬಿಟ್ಟಳು.

“ನಿಂತೇ ಕೇಳ್ತೀಯಾ? ಕೂತ್ಕೊಳ್ಳೇ, ಇದಕ್ಕೆ ಟಿಕೆಟ್ ಇಲ್ಲ.”

ವಾರದೊಳಗೆ ತರಗತಿ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿತು.

ಓದಬೇಕಾದ ಕಾದಂಬರಿಗಳು ರಾಶಿ ಬಿದ್ದಿದ್ದವು. ಗ್ರಂಥಾಲಯದಲ್ಲಿ ಇದ್ದದ್ದು ಒಂದೊಂದೇ ಪ್ರತಿ. ಬಡಗಿಯ ಮಗಳಿಗಂತೂ ಒಂದು ಪುಟ ದಾಟುವುದೆಂದರೆ ಗುಡ್ಡ ಹತ್ತಿದಂತೆ. “ಒಂದು ಪೇಪರ್ ಹೋದರೂ ಓದು ಬಿಟ್ಟು ಮನೆಗೆ ಬಾ” ಎಂದು ಅಣ್ಣ ಮೊದಲೇ ಗೆರೆ ಎಳೆದಿದ್ದ. ಆದ್ದರಿಂದ ಹಳ್ಳಿಗಳಿಂದ ಬಂದಿದ್ದ ಆರು ಹುಡುಗಿಯರು ಒಂದು ಉಪಾಯ ಹೂಡಿದರು. ಒಬ್ಬೊಬ್ಬಳು ಒಂದೊಂದು ಕಾದಂಬರಿ ಓದಿ ಉಳಿದವರಿಗೆ ಆಡುಮಾತಿನಲ್ಲಿ ಕಥೆ ಹೇಳುವುದು.

ರೇಡಿಯೋ ಪಾಲಿಗೆ ಬಂದದ್ದು ಹಗ್ಗ ಹೊಸೆಯುವವನ ಮಗಳ ಕಥೆ. ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಎಲ್ಲರೂ ಕೇಳಿದರು. ಅಪ್ಪ ಸತ್ತ. ಅಣ್ಣಂದಿರು ಹುಡುಗಿಯನ್ನು ಹೊರಗೆ ಹಾಕಿದರು. ಅವಳು ಪೆಟ್ಟಿಗೆ ಎತ್ತಿಕೊಂಡು ಹೊಸ್ತಿಲು ದಾಟುವಾಗ ಬಡಗಿಯ ಮಗಳ ಕೈಯಿಂದ ಸೋಪು ಜಾರಿತು, ಕಣ್ಣು ತುಂಬಿತು. ಅಷ್ಟರಲ್ಲಿ ದಾರಿಯ ತಿರುವಿನಲ್ಲಿ ಗಾಡಿ ಕಟ್ಟಿಕೊಂಡು ಹುಡುಗಿಯ ಸೋದರಮಾವ ಬಂದ. “ಅತ್ತಿದ್ದು ಸಾಕು, ಹತ್ತು ಮಗಳೇ. ನಿಮ್ಮಮ್ಮ ಹುಟ್ಟಿದ ಮನೆ ಇನ್ನೂ ಬಿದ್ದಿಲ್ಲ.” ಎಲ್ಲರಿಗೂ ಹೋದ ಜೀವ ಬಂದಂತಾಯಿತು.

ಕಿರುಪರೀಕ್ಷೆಯಲ್ಲಿ ಕೇಳಿದ್ದು ಆ ಕಾದಂಬರಿಯ ಕೊನೆಯ ಬಗ್ಗೆಯೇ. ಕೆಲವು ದಿನಗಳ ಮೇಲೆ ಕಾದಂಬರಿಯ ಪಾಠ ಮಾಡುವ ಮೇಡಂ, ರೇಡಿಯೋ ಒಬ್ಬಳನ್ನು ಬಿಟ್ಟು ಉಳಿದ ಐವರನ್ನೂ ತಮ್ಮ ಕೋಣೆಗೆ ಕರೆಸಿದರು. ಐದೂ ಉತ್ತರಗಳ ಮೇಲೆ ಸೊನ್ನೆ.

“ಇಂಗ್ಲಿಷಲ್ಲಿ ಚಿಕ್ಕಪ್ಪನಿಗೂ ಮಾವನಿಗೂ ಒಂದೇ ಪದ. ನಿಮಗೆ ಮಾತ್ರ ಇವನು ತಾಯಿಯ ತಮ್ಮ ಅಂತ ಹೇಗೆ ಗೊತ್ತಾಯ್ತು? ಅದೂ ಪುಸ್ತಕದಲ್ಲಿ ಇಲ್ಲವೇ ಇಲ್ಲದವನು!”

ಬಡಗಿಯ ಮಗಳಿಗೆ ಅಣ್ಣನ ಮಾತು ನೆನಪಾಯಿತು. ಕಿರುಪರೀಕ್ಷೆಯ ಅಂಕವೂ ಪೇಪರಿಗೆ ಸೇರುತ್ತಿತ್ತು; ಈ ಸೊನ್ನೆ ಉಳಿದರೆ ಪೇಪರ್ ಹೋದಂತೆಯೇ. ಆಗ ಬಾಗಿಲಲ್ಲಿ ರೇಡಿಯೋ ದನಿ ಕೇಳಿಸಿತು.

“ಆ ಮಾವನನ್ನ ಕರ್ಕೊಂಡು ಬಂದೋಳು ನಾನು ಮೇಡಂ. ಆಮೇಲೆ ನಿಜ ಹೇಳೋಣ ಅಂದ್ಕೊಂಡೆ, ಮರ್ತೇ ಹೋಯ್ತು.”

“ಯಾಕಮ್ಮಾ ಕರ್ಕೊಂಡು ಬಂದೆ?”

“ಇವಳು ಅಳ್ತಾ ಇದ್ದಳು,” ಎಂದು ಬಡಗಿಯ ಮಗಳತ್ತ ನೋಡಿದಳು. “ಕಥೇಲಿರೋ ಹುಡುಗೀನ ಒಂಟಿಯಾಗಿ ಹೇಗೆ ಕಳಿಸಲಿ?”

ಮೇಡಂ ಮುಖದಲ್ಲಿ ನಗು ಬಂದು ಹೋಯಿತು. “ಓದದೆ ಬರೆದದ್ದು ಇವರ ತಪ್ಪೇ. ಓದಿಕೊಂಡು ಸೋಮವಾರ ಮತ್ತೆ ಬರೀಲಿ.”

ಹೊರಗೆ ಬಂದೊಡನೆ ಬಡಗಿಯ ಮಗಳು ಉರಿದುಬಿದ್ದಳು. “ನಿನ್ನ ಮಾವ ನನ್ನ ಓದಿಗೇ ಕಲ್ಲು ಹಾಕ್ತಿದ್ದ ಕಣೇ!” ರೇಡಿಯೋ ಗ್ರಂಥಾಲಯಕ್ಕೆ ಹೋಗಿ ಆ ಕಾದಂಬರಿಯನ್ನು ತಂದಿಟ್ಟಳು.

ಶನಿವಾರ, ಭಾನುವಾರ ಐವರೂ ಆ ಒಂದೇ ಪ್ರತಿಯ ಸುತ್ತ ಕೂತು, ಸರದಿಯ ಮೇಲೆ ಗಟ್ಟಿಯಾಗಿ ಓದಿದರು. ರೇಡಿಯೋ ತೊಡೆಯ ಮೇಲೆ ನಿಘಂಟು ಇಟ್ಟುಕೊಂಡು ಕೇಳಿದ ಪದಕ್ಕೆ ಅರ್ಥ ಹೇಳಿದಳು. ಅದರಾಚೆ ಒಂದು ಮಾತೂ ಸೇರಿಸಲಿಲ್ಲ. ಕೊನೆಯ ಪುಟ ಬಡಗಿಯ ಮಗಳ ಪಾಲಿಗೆ ಬಂತು. ಇಲ್ಲವೆಂದು ಗೊತ್ತಿದ್ದೂ ಅವಳ ಕಣ್ಣು ಗಾಡಿಗಾಗಿ ಹುಡುಕಿತು. ಯಾರೂ ಬರಲಿಲ್ಲ. ಹುಡುಗಿ ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ತಿರುವಿನಲ್ಲಿ ಮರೆಯಾದಳು, ಅಷ್ಟೇ. ಬಡಗಿಯ ಮಗಳಿಗೆ, ತಾನೂ ಅಪ್ಪ ಮಾಡಿಕೊಟ್ಟ ಮರದ ಪೆಟ್ಟಿಗೆ ಹಿಡಿದು ಒಬ್ಬಳೇ ಬಸ್ಸು ಹತ್ತಿದ್ದು ನೆನಪಾಯಿತು.

ಸೋಮವಾರ ಅವಳು ಬರೆದದ್ದು ಆ ಖಾಲಿ ತಿರುವಿನ ಬಗ್ಗೆ. ಅಲ್ಲಿ ಯಾರಾದರೂ ಬರಬಾರದೇ ಎಂದು ಓದುವವರಿಗೆ ಅನ್ನಿಸಲಿ ಎಂದೇ ಲೇಖಕರು ಅದನ್ನು ಖಾಲಿ ಬಿಟ್ಟಿದ್ದಾರೆ ಎಂದು ಬರೆದಳು. ಬರೆಯುವಾಗಲೇ ಹೊಳೆಯಿತು: ತಮ್ಮೆಲ್ಲರಿಗಿಂತ ಮೊದಲು ಹಾಗೆ ಅನ್ನಿಸಿದ್ದು ರೇಡಿಯೋಗೆ. ಸಿಟ್ಟು ಅಲ್ಲಿಗೇ ಇಳಿಯಿತು. ಪೇಪರೂ ಉಳಿಯಿತು, ಓದೂ ಉಳಿಯಿತು.

ರೇಡಿಯೋ ಈಗ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಪಾಠವನ್ನು ಮೊದಲು ಮಕ್ಕಳಿಂದ ಓದಿಸುತ್ತಾಳೆ. ಕಥೆ ಆಮೇಲೆ ಹೇಳುತ್ತಾಳೆ.